ಮಹದೇವಪ್ಪನವರ ಹೆಸರಿನ ಫೋನು

ಗಾವಡಗೆರೆಯ ಹಾಲಿನ ಡೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದ ನೀಲಕಂಠಸ್ವಾಮಿಗೆ, ತನಗೆ ಯಾರೂ ಮೋಸ ಮಾಡಲಾರರು ಎಂಬ ನಂಬಿಕೆಯಿತ್ತು. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂಬುದನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ, ತಂದವರ ಮುಖ ನೋಡಿ ಹೇಳಿಬಿಡುತ್ತಿದ್ದ. ಹತ್ತರಲ್ಲಿ ಆರು ಸಲ ಅದು ತಪ್ಪಾಗುತ್ತಿತ್ತು. ಆ ಆರನ್ನೂ ಅವನು ಯಂತ್ರದ ದೋಷವೆಂದು ಬಗೆಯುತ್ತಿದ್ದುದರಿಂದ ನಂಬಿಕೆಗೆ ಮಾತ್ರ ಏನೂ ಆಗಿರಲಿಲ್ಲ.

ಇಂಥವನಿಗೆ ಒಂದು ಭಾನುವಾರ ಬೆಳಿಗ್ಗೆ, ತನ್ನ ಮನೆಯ ಪಡಸಾಲೆಯಲ್ಲಿ ಕೂತಿರುವ ಫೋನೇ ತಿಂಗಳು ತಿಂಗಳೂ ತನಗೆ ಮೋಸ ಮಾಡುತ್ತಿದೆ ಎಂದು ಗೊತ್ತಾಯಿತು. ತಿಳಿಸಿದವನು ಪಕ್ಕದ ಮನೆಯ ಕುಳ್ಳಯ್ಯ. ಕುಳ್ಳಯ್ಯನ ಮನೆಯಲ್ಲಿ ಅಂಥ ಫೋನು ಇರಲಿಲ್ಲ. ಇಲ್ಲದ ವಸ್ತುವಿನ ವಿಷಯದಲ್ಲಿ ಕುಳ್ಳಯ್ಯನಷ್ಟು ತಿಳಿದವರು ಹೋಬಳಿಯಲ್ಲೇ ಇರಲಿಲ್ಲ.

“ಸ್ವಾಮಣ್ಣ, ಬಿಳಿಕೆರೇಲಿ ನಮ್ ಬಾಮೈದ ಅವ್ನಲ್ಲ, ಅವ್ನೂ ನಿನ್ನಂಗೇ ಮನೆ ಫೋನು ಮಡೀಕೊಂಡವ್ನೆ. ಬಾಡ್ಗೆ ಎಷ್ಟು ಕಟ್ತಾನೆ ಗೊತ್ತಾ? ನೀನು ಕಟ್ಟೋದ್ರಲ್ಲಿ ಅರ್ಧ!”

“ಅದೆಂಗ್ಲಾ ಅರ್ಧ?”

“ಆಪೀಸಿಗೆ ಓಗಿ ‘ನಂಗೆ ನಿಮ್ ಫೋನು ಬ್ಯಾಡ, ಕಿತ್ತಾಕಿ’ ಅಂದ. ಅಷ್ಟೇ. ಬೆವತೋದ್ರು. ‘ಅಯ್ಯೋ ಓಗ್ಬ್ಯಾಡಿ ಸ್ವಾಮಿ, ಅರ್ಧಕ್ಕೆ ಕೊಡ್ತೀವಿ’ ಅಂತ ಕಾಫಿ ಕುಡ್ಸಿ ಕಳಿಸವ್ರೆ. ಬುಟ್ಟೋಯ್ತೀನಿ ಅಂತ ಎದರಿಸ್ಬೇಕು ಕಣಣ್ಣ. ಸಂತೇಲಿ ಎತ್ತು ಕೊಳ್ಳಾವಾಗ ಏನ್ ಮಾಡ್ತೀಯ? ನಾಕ್ ಹೆಜ್ಜೆ ನಡೀತೀಯ. ದಲ್ಲಾಳಿ ಕೂಗ್ದೆ ಬುಟ್ಟಾನಾ?”

ನೀಲಕಂಠಸ್ವಾಮಿಗೆ ಈ ಮಾತು ಹೃದಯಕ್ಕೆ ನಾಟಿತು. ಸಂತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವುದರಲ್ಲಿ ಅವನಷ್ಟು ನುರಿತವರು ಇರಲಿಲ್ಲ. ಒಂದು ಸಲ ಕುಂಬಳಕಾಯಿಗೆ ನಡೆದ ನಾಲ್ಕು ಹೆಜ್ಜೆ ನಲವತ್ತಾಗಿ, ಕಾಯಿ ಬೇರೆಯವರ ಪಾಲಾಗಿದ್ದೂ ಉಂಟು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಲ್ಲಿ ಆ ಫೋನಿನ ಸಂಗತಿಯನ್ನು ಹೇಳಲೇಬೇಕು. ಹೇಳದಿದ್ದರೆ, ಜೇಬಿನಲ್ಲಿ ಮೊಬೈಲಿರುವ ಮನುಷ್ಯ ಗೋಡೆಗೆ ತಂತಿ ಹಾಕಿಸಿಕೊಂಡು ಯಾಕೆ ಬಾಡಿಗೆ ಕಟ್ಟುತ್ತಿದ್ದ ಎಂದು ಓದುವವರು ಕೇಳುತ್ತಾರೆ.

ಆ ಫೋನು ಅವನ ತಂದೆ ಮಹದೇವಪ್ಪನವರು ಹಾಕಿಸಿದ್ದು. ಅವರು ತೀರಿಕೊಂಡು ಹದಿನಾರು ವರ್ಷವಾಗಿದ್ದರೂ ಫೋನು ಅವರ ಹೆಸರಿನಲ್ಲೇ ಇತ್ತು. ಬಿಲ್ಲು ಅವರ ಹೆಸರಿಗೇ ಬರುತ್ತಿತ್ತು. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಶಿವನಂಜಪ್ಪ, ಚಿಕ್ಕವನು ನೀಲಕಂಠಸ್ವಾಮಿ. ಶಿವನಂಜಪ್ಪ ಮಾವನ ಗದ್ದೆ ನೋಡಿಕೊಳ್ಳಲು ಹೆಂಡತಿ ಪುಷ್ಪಾಳ ಊರಾದ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದ್ದ. ಅಪ್ಪನ ಐದನೆಯ ವರ್ಷದ ಪುಣ್ಯತಿಥಿಗೆ ಅವನು ಬಂದು ಪಂಕ್ತಿಯಲ್ಲಿ ಕೂತಾಗ, “ಪಾಯ್ಸಕ್ಕೆ ಬೆಲ್ಲ ಸಾಲ್ದು” ಎಂದ. ಬಡಿಸುತ್ತಿದ್ದ ನೀಲಕಂಠಸ್ವಾಮಿ, “ಮಾವನ್ ಮನೆ ಬೆಲ್ಲ ತಿಂದ ನಾಲ್ಗೆಗೆ ನಮ್ದು ಸಪ್ಪೆ ಕಣಣ್ಣ” ಎಂದ. ಅವನು ತಮಾಷೆಗೆಂದೇ ಅಂದದ್ದು. ಆದರೆ ಪಂಕ್ತಿಯಲ್ಲಿ ಕೂತಿದ್ದ ನಲವತ್ತು ಜನ ಒಟ್ಟಿಗೆ ನಕ್ಕರು. ಶಿವನಂಜಪ್ಪ ಎಲೆ ಬಿಟ್ಟು ಎದ್ದ. ಪಾಯಸದ ಕೈಯನ್ನು ಮೇಲೆತ್ತಿ, “ಇನ್ಮೇಲೆ ನಿನ್ ಜೊತೆ ಒಂದು ಮಾತಾಡಿದ್ರೆ ಮಾದಪ್ಪನ ಆಣೆ!” ಎಂದು ಹೇಳಿ ಹೊರಟುಹೋದ.

ಬೆಟ್ಟದ ದೇವರಾದ ಮಾದಪ್ಪನ ಆಣೆಯೆಂದರೆ ಆ ಕಡೆ ಹುಡುಗಾಟವಲ್ಲ. ಕೋರ್ಟಿನ ಪ್ರಮಾಣ ಮುರಿದವರು ಊರಲ್ಲಿ ಹತ್ತು ಮಂದಿ ಸಿಕ್ಕಾರು. ಮಾದಪ್ಪನ ಆಣೆ ಮುರಿದವನೊಬ್ಬನೂ ಸಿಗುವುದಿಲ್ಲ.

ಮೂರು ವಾರ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಪಡಸಾಲೆಯ ಫೋನು ಹೊಡೆದುಕೊಂಡಿತು. ನೀಲಕಂಠಸ್ವಾಮಿಯ ಹೆಂಡತಿ ನೀಲಾಂಬಿಕೆ ಎತ್ತಿದಳು.

“ಮನೇನಾ?” ಎಂದಿತು ಶಿವನಂಜಪ್ಪನ ದನಿ.

ನೀಲಾಂಬಿಕೆ ಜಾಣೆ. “ಹೂಂ ಭಾವ, ಮನೆಯೇ” ಎಂದಳು.

ಶಿವನಂಜಪ್ಪ ಆಣೆಯ ಪಠ್ಯವನ್ನು ಮೂರು ವಾರ ಕೂತು ಪರಿಶೀಲಿಸಿದ್ದ. ಆಣೆ ತಮ್ಮನ ಮೇಲೆ, ಮನೆಯ ಮೇಲಲ್ಲ. ಫೋನು ಅಪ್ಪನ ಹೆಸರಿನಲ್ಲಿದೆ. ಮಗ ಅಪ್ಪನ ಫೋನಿಗೆ ಕರೆ ಮಾಡಿ ಮನೆಯ ಜೊತೆ ಮಾತಾಡಿದರೆ ಮಾದಪ್ಪ ಆಕ್ಷೇಪಿಸಲಾರ. ತಮ್ಮನ ಮೊಬೈಲಿಗೆ ಮಾಡಿದರೆ ಅದು ತಮ್ಮನಿಗೇ ಮಾಡಿದಂತೆ. ತಮ್ಮನ ಹೆಂಡತಿಯ ಮೊಬೈಲಿಗೆ ಭಾವನಾದವನು ಮಾಡುವುದು ಆ ಮನೆತನದಲ್ಲಿ ಮರ್ಯಾದೆಯಲ್ಲ. ಹೀಗಾಗಿ ಲೋಕದಲ್ಲಿ ಉಳಿದದ್ದು ಒಂದೇ ದಾರಿ, ಆ ಫೋನು.

ಅಂದಿನಿಂದ ಹನ್ನೊಂದು ವರ್ಷ, ಪ್ರತಿ ಸೋಮವಾರ ಶಿವಪೂಜೆ ಮುಗಿಸಿ ಶಿವನಂಜಪ್ಪ ಮನೆಗೆ ಫೋನು ಮಾಡುತ್ತಿದ್ದ. ನೀಲಾಂಬಿಕೆ ಹಿಡಿದು ನಿಲ್ಲುತ್ತಿದ್ದಳು. ನೀಲಕಂಠಸ್ವಾಮಿ ಪಕ್ಕದ ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು, ಒಂದಕ್ಷರವನ್ನೂ ಓದದೆ ಕೂರುತ್ತಿದ್ದ.

“ಮನೇಲಿ ಯಾರಿಗೋ ಮಂಡಿ ನೋವಂತಲ್ಲ, ವಾಸಿ ಆಯ್ತಾ?”

“ಯಾರಿಗೋ ಮಂಡಿ ನೋವು ವಾಸಿ ಆಯ್ತಾ ಅಂತ ಕೇಳ್ತಾವ್ರೆ” ಎನ್ನುತ್ತಿದ್ದಳು ನೀಲಾಂಬಿಕೆ, ಗೋಡೆಯ ಕಡೆ ನೋಡಿ.

“ಮೆಟ್ಲತ್ತಾವಾಗ ಇನ್ನೂ ಸೆಳೀತದೆ” ಎನ್ನುತ್ತಿದ್ದ ನೀಲಕಂಠಸ್ವಾಮಿ ಪೇಪರಿಗೆ.

“ಎಳ್ಳೆಣ್ಣೆ ಕಾಯಿಸಿ ತಿಕ್ಕೋಕೆ ಯೋಳು. ಮನೆಗೆ.”

ಮಾತಾಡುವ ಅಣ್ಣತಮ್ಮಂದಿರು ಒಬ್ಬರ ಬಗ್ಗೆ ಒಬ್ಬರು ಇಷ್ಟು ತಿಳಿದುಕೊಂಡಿರುವುದನ್ನು ಆ ಊರು ಕಂಡಿರಲಿಲ್ಲ. ಇಂಥ ಫೋನನ್ನು ನೀಲಕಂಠಸ್ವಾಮಿ ಸಂತೆಯ ಎತ್ತಿನಂತೆ ವ್ಯಾಪಾರಕ್ಕೆ ಇಟ್ಟ.

ಮಂಗಳವಾರ ಹುಣಸೂರಿಗೆ ಹೋದ. ಹೆಂಡತಿಗೆ ಹೇಳಲಿಲ್ಲ. ಅರ್ಧ ಬಾಡಿಗೆಯ ಕಾಗದ ತಂದು ಅವಳ ಮುಂದೆ ಹಿಡಿಯಬೇಕೆಂಬ ಆಸೆ. ದೂರವಾಣಿ ಕಚೇರಿಯಲ್ಲಿ ಸಂಘಮಿತ್ರ ಎಂಬ ಹೊಸ ಅಧಿಕಾರಿಣಿ ಕೂತಿದ್ದಳು. ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಬಂದ ಅರ್ಜಿಯನ್ನು ಬಂದ ದಿನವೇ ಮುಗಿಸಬೇಕೆಂಬ ವ್ರತ ಹಿಡಿದಿದ್ದಳು. ಒಳ್ಳೆಯ ಹುಡುಗಿ. ಅವಳ ಜಾಗದಲ್ಲಿ ಒಬ್ಬ ಸೋಮಾರಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ಫೋನು ತೆಗೆಸ್ಬೇಕು” ಎಂದ ನೀಲಕಂಠಸ್ವಾಮಿ, ಮುಖ ಬಿಗಿದುಕೊಂಡು.

“ಆಯ್ತು ಸರ್. ಈ ಫಾರ್ಮ್ ತುಂಬಿ.”

ಇದು ನಿರೀಕ್ಷಿಸಿದ ಉತ್ತರವಲ್ಲ. ಅವನು ಗಂಟಲು ಸರಿಮಾಡಿಕೊಂಡ. “ಬಾಡ್ಗೆ ಜಾಸ್ತಿ ಆಯ್ತು ಕಣಮ್ಮ. ಅದುಕ್ಕೇ ತೆಗೆಸ್ತಿರೋದು.”

“ಹೌದು ಸರ್. ಈಗ ಯಾರೂ ಇಟ್ಕೊಳ್ತಾ ಇಲ್ಲ.”

“ನಾನು ನಿಜವಾಗ್ಲೂ ತೆಗೆಸ್ತೀನಿ.”

“ಹೂಂ ಸರ್. ಪೆನ್ ಇದ್ಯಾ? ತಗೊಳಿ.”

ನೀಲಕಂಠಸ್ವಾಮಿ ಫಾರ್ಮನ್ನು ಎಷ್ಟು ನಿಧಾನವಾಗಿ ತುಂಬಬಹುದೋ ಅಷ್ಟು ನಿಧಾನವಾಗಿ ತುಂಬಿದ. ಒಂದೊಂದು ಅಕ್ಷರಕ್ಕೂ ತಲೆಯೆತ್ತಿ ಅವಳಿಗೊಂದು ಅವಕಾಶ ಕೊಟ್ಟ. ಅವಳು ನಕ್ಕಳೇ ಹೊರತು ಬೆವರಲಿಲ್ಲ. ಕೊನೆಗೆ ಸಹಿ ಹಾಕುವ ಜಾಗ ಬಂತು. ಫೋನಿನ ಕಾಗದಪತ್ರಕ್ಕೆಲ್ಲ ಹದಿನಾರು ವರ್ಷದಿಂದ ಅಪ್ಪನ ಸಹಿಯನ್ನೇ ಹಾಕಿ ಅಭ್ಯಾಸವಾಗಿದ್ದ ಕೈ, ತನ್ನಷ್ಟಕ್ಕೆ ತಾನೇ “ಮಹದೇವಪ್ಪ” ಎಂದು ಬರೆಯಿತು.

ಈಗ ಉಳಿದದ್ದು ನಾಲ್ಕು ಹೆಜ್ಜೆ. ಅವನು ಎದ್ದು ಬಾಗಿಲ ಕಡೆ ನಡೆದ. ಒಂದು. ಎರಡು. ಮೂರನೆಯದನ್ನು ಗಿಡ್ಡ ಮಾಡಿದ. ನಾಲ್ಕನೆಯದಕ್ಕೆ ಕಾಲೆತ್ತಿ, ಇಡದೆ ಒಂದು ಕ್ಷಣ ನಿಂತ.

“ಸರ್! ಸರ್!” ಎಂದಳು ಸಂಘಮಿತ್ರ.

ನೀಲಕಂಠಸ್ವಾಮಿ ಗೆದ್ದವನ ಗಾಂಭೀರ್ಯದಿಂದ ತಿರುಗಿದ. “ಯೋಳಮ್ಮ.”

“ಪೆನ್ ಕೊಟ್ಟು ಹೋಗಿ ಸರ್.”

ಪೆನ್ನು ಕೊಟ್ಟು ಗೇಟಿನವರೆಗೆ ನಡೆದ. ಗೇಟಿನ ಹತ್ತಿರ ಕಾದ. ಬಸ್‌ಸ್ಟಾಂಡಿನವರೆಗೂ ಹಿಂದೆ ನೋಡಿಕೊಂಡೇ ಹೋದ. ಯಾರೂ ಕೂಗಲಿಲ್ಲ. ಆದರೂ ಅವನು ಧೈರ್ಯಗೆಡಲಿಲ್ಲ. ದೊಡ್ಡ ಕಚೇರಿ, ಒಳಗೆ ಮಾತಾಡಿಕೊಂಡು ತೀರ್ಮಾನ ಮಾಡಬೇಕು. ನಾಳೆ ಮನೆಗೇ ಫೋನು ಮಾಡಿ ಅರ್ಧಕ್ಕೆ ಒಪ್ಪುತ್ತಾರೆ.

ಮನೆಗೆ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತು ಆ ಕರೆಗಾಗಿ ಕಾದ. ಬುಧವಾರ ಕಾದ. ಗುರುವಾರ ಡೇರಿಗೆ ಹೋಗದೆ ಕಾದ. ಶುಕ್ರವಾರ ಮಧ್ಯಾಹ್ನ ಅವನಿಗೆ ಒಂದು ಅನುಮಾನ ಬಂದು ರಿಸೀವರ್ ಎತ್ತಿ ಕಿವಿಗಿಟ್ಟ. ಕಿವಿಗೆ ಏನೂ ಬೀಳಲಿಲ್ಲ. ಫೋನು ಮಂಗಳವಾರವೇ ಸತ್ತಿತ್ತು. ಸತ್ತ ಫೋನಿನ ಮುಂದೆ ಅವನು ಮೂರು ದಿನ ಕಾದಿದ್ದ.

“ಯಾಕ್ರೀ, ಏನಾಗದೆ?” ಎಂದಳು ನೀಲಾಂಬಿಕೆ.

“ಲೈನ್ ಫಾಲ್ಟು” ಎಂದ. ಹೇಳಬಾರದ ಸುಳ್ಳೇನೂ ಅಲ್ಲ. ಆದರೆ ಆ ಕ್ಷಣದಲ್ಲೇ ನಿಜ ಹೇಳಿದ್ದರೆ, ಅವಳು ಭಾನುವಾರವೇ ಸಾಲಿಗ್ರಾಮಕ್ಕೆ ಒಂದು ಮಾತು ತಿಳಿಸಿರುತ್ತಿದ್ದಳು. ಅದನ್ನು ನೀಲಕಂಠಸ್ವಾಮಿ ಆಮೇಲೆ ಎಷ್ಟೋ ಸಲ ನೆನೆದ.

ಸೋಮವಾರ ಎಂಟೂವರೆಗೆ ನೀಲಾಂಬಿಕೆ ಅಭ್ಯಾಸಬಲದಿಂದ ಪಡಸಾಲೆಗೆ ಬಂದು ನಿಂತಳು. ಒಂಬತ್ತಕ್ಕೆ ಅವಳ ಮೊಬೈಲು ಹೊಡೆದುಕೊಂಡಿತು. ಸಾಲಿಗ್ರಾಮದ ಪುಷ್ಪಾ.

“ಏನ್ ನೀಲಾ, ನಿನ್ ಗಂಡ ಇಂಗ್ ಮಾಡ್ಬುಡೋದಾ?”

“ಏನ್ ಮಾಡುದ್ರು ಅಕ್ಕಾ?”

“ನಮ್ಮೋರು ಫೋನ್ ಮಾಡುದ್ರೆ ಒಬ್ಳು ಬಂದು, ‘ಚಂದಾದಾರರ ಕೋರಿಕೆಯ ಮೇರೆಗೆ ಈ ಸಂಪರ್ಕವನ್ನು ಕಡಿದುಹಾಕಲಾಗಿದೆ’ ಅಂತ ಯೋಳ್ತಾಳೆ! ಮೂರ್ ಸಲ ಮಾಡುದ್ರು. ಮೂರ್ ಸಲವೂ ಅದನ್ನೇ ಯೋಳಿದ್ಲು. ಜಗಲೀಲಿ ಕುಂತಿದ್ದೋರ್ಗೆಲ್ಲ ಕೇಳಿಸ್ಬುಟ್ಟು, ಎದ್ದು ಗದ್ದೆಗೆ ಒಂಟೋದ್ರು. ತಿಂಡೀನೂ ತಿಂದಿಲ್ಲ.”

ನೀಲಾಂಬಿಕೆ ಮೊಬೈಲು ಕೆಳಗಿಟ್ಟು ಗಂಡನ ಮುಖ ನೋಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಪೇಪರನ್ನು ನಿಜವಾಗಿ ಓದುತ್ತಿದ್ದ. ಅದನ್ನು ಕಂಡೇ ಅವಳಿಗೆ ಎಲ್ಲ ಅರ್ಥವಾಯಿತು.

“ಲೈನ್ ಫಾಲ್ಟಾ?” ಎಂದಳು.

ಅವನು ಹೇಳಿದ. ನಾಲ್ಕು ಹೆಜ್ಜೆಯನ್ನೂ ಬಿಡದೆ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ತಿಂಡಿ ಸೇರುತ್ತಿತ್ತು.

ಆ ಧ್ವನಿಮುದ್ರಿತ ಹೆಣ್ಣಿನ ಒಂದು ವಾಕ್ಯ ಒಂದೇ ದಿನದಲ್ಲಿ ಮೂರು ತಾಲ್ಲೂಕು ಸುತ್ತಿತು. ಮೊದಲು ಪಿರಿಯಾಪಟ್ಟಣದ ಸೋದರತ್ತೆ ನೀಲಕಂಠಸ್ವಾಮಿಯ ಮೊಬೈಲಿಗೆ ಮಾಡಿದರು.

“ಲೇ ಸ್ವಾಮಿ, ಚಂದಾದಾರ ಅಂದ್ರೆ ಯಾವನ್ಲಾ? ನೀನೇ ತಾನೇ?”

“ಅತ್ತೆ, ಅದು ನಮ್ ಅಪ್ಪಯ್ಯನ ಹೆಸರ್ನಲ್ಲಿ...”

“ಸತ್ತೋಗಿರೋ ನಮ್ಮಣ್ಣ ಬಂದು ಕೋರಿಕೆ ಕೊಟ್ನೇನ್ಲಾ? ನಿಮ್ಮಣ್ಣನ ಬಾಯ್ಗೆ ಬೀಗ ಹಾಕಕ್ಕೆ ಸತ್ತೋನ ಹೆಸರು ಹಿಡ್ಕೊಂಡ್ಯಾ?”

ವಿವರಿಸಲು ಬಾಯಿ ತೆರೆದ. ಅತ್ತೆ ಫೋನು ಇಟ್ಟರು. ಸಂಜೆ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರು ಇವನನ್ನು ಕಂಡು ದನಿ ತಗ್ಗಿಸಿದರು. ಎಷ್ಟು ತಗ್ಗಿಸಿದರೆಂದರೆ ಇವನಿಗೆ ಸರಿಯಾಗಿ ಕೇಳಿಸುವಷ್ಟು.

“ಅಣ್ಣ ಫೋನ್ ಮಾಡ್ತಾನೆ ಅಂತ ಲೈನೇ ಕಿತ್ತಾಕ್ಸವ್ನಂತೆ.”

“ಲೈನಲ್ಲ ಕಣ್ಲಾ, ಕಂಬಾನೇ ಕೀಳ್ಸವ್ನಂತೆ.”

ಕುಳ್ಳಯ್ಯ ಮಾತ್ರ ಅವನ ಪರವಾಗಿ ವಾದಿಸಿದ. “ಸುಮ್ಕಿರ್ರಲಾ. ಅವ್ನು ಬಾಡ್ಗೆ ಇಳ್ಸಕ್ಕೆ ಓಗಿದ್ದು. ನಾನೇ ಯೋಳಿದ್ದು. ಆದ್ರೆ ನಾನ್ ಯೋಳಿದ್ದು ನಾಕ್ ಹೆಜ್ಜೆ; ಇವ್ನು ಐದ್ ಇಟ್ಟವ್ನೆ ಅಂತ ಕಾಣ್ತದೆ.”

ನೀಲಾಂಬಿಕೆ ಪುಷ್ಪಾಳಿಗೆ ಮತ್ತೆ ಮತ್ತೆ ಮಾಡಿ ನಡೆದದ್ದನ್ನು ತಿಳಿಸಿದಳು. ಪುಷ್ಪಾ ಅದನ್ನು ಗಂಡನಿಗೆ ತಿಳಿಸಿದಳು. ಶಿವನಂಜಪ್ಪ ಕೇಳಲೇ ಇಲ್ಲ. “ಸರ್ಕಾರದ ಮಾತು ಸುಳ್ಳಾಗಲ್ಲ. ‘ಕೋರಿಕೆಯ ಮೇರೆಗೆ’ ಅಂತ ಯೋಳದೆ. ಬಾಡ್ಗೆ ಮೇರೆಗೆ ಅಂತ ಯೋಳಿಲ್ಲ” ಎಂದನಂತೆ.

ನೀಲಕಂಠಸ್ವಾಮಿ ಮತ್ತೆ ಹುಣಸೂರಿಗೆ ಓಡಿದ. ಸಂಘಮಿತ್ರ ಗುರುತು ಹಿಡಿದಳು.

“ಬನ್ನಿ ಮಹದೇವಪ್ಪನವ್ರೆ. ಲೈನ್ ಅವತ್ತೇ ತೆಗೆದ್ವಿ. ಏನಾದ್ರೂ ತೊಂದ್ರೆ ಆಯ್ತಾ?”

“ತೊಂದ್ರೆ ಆಗಿರೋದೇ ಅದು. ನಂಗೆ ಅದೇ ಫೋನು ವಾಪಸ್ ಬೇಕು. ಅದೇ ನಂಬರು.”

“ನಂಬರ್ ಹದಿನೈದು ದಿನ ಹಾಗೇ ಇರುತ್ತೆ ಸರ್. ಏಳು ದಿನ ಆಗಿದೆ. ನಿಮ್ಮ ಆಧಾರ್ ಕೊಡಿ.”

ಕೊಟ್ಟ. ಅವಳು ಆಧಾರನ್ನೂ ಕಂಪ್ಯೂಟರನ್ನೂ ಎರಡೆರಡು ಸಲ ನೋಡಿದಳು.

“ಇದ್ರಲ್ಲಿ ನೀಲಕಂಠಸ್ವಾಮಿ ಅಂತಿದೆ. ಮಹದೇವಪ್ಪ ಅಂದ್ರೆ?”

“ನಮ್ಮ ತಂದೆಯೋರು.”

“ಅವ್ರನ್ನೇ ಕರ್ಕೊಂಡು ಬನ್ನಿ.”

“ಅವ್ರು ತೀರ್ಕೊಂಡು ಹದಿನಾರು ವರ್ಷ ಆಯ್ತಮ್ಮ.”

ಸಂಘಮಿತ್ರ ಒಂದು ಫೈಲು ತೆಗೆದಳು. “ಹೋದ ಮಂಗಳವಾರ ಸಹಿ ಮಾಡಿದ್ದಾರಲ್ಲ ಸರ್?”

ಆ ಕಚೇರಿಯಲ್ಲಿ ಐದು ಜನ ಇದ್ದರು. ಐದು ಜನವೂ ಕೆಲಸ ನಿಲ್ಲಿಸಿ ಅವನನ್ನು ನೋಡಿದರು. ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವರು ತನ್ನ ಮುಂದೆ ಹೇಗೆ ನಿಲ್ಲುತ್ತಿದ್ದರೋ ಹಾಗೆ ನೀಲಕಂಠಸ್ವಾಮಿ ನಿಂತ. ಸಂಘಮಿತ್ರ ಮಾತ್ರ ದೂರು ಬರೆಯಲಿಲ್ಲ. ಅವನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ದನಿ ಇಳಿಸಿ ದಾರಿ ಹೇಳಿಕೊಟ್ಟಳು. ತೀರಿಹೋದವರ ಹೆಸರಿಗೆ ಮತ್ತೆ ಫೋನು ಕೊಡಲಾಗುವುದಿಲ್ಲ. ನಂಬರು ಉಳಿಯಬೇಕಾದರೆ ಅದನ್ನು ನೀಲಕಂಠಸ್ವಾಮಿಯ ಹೆಸರಿಗೆ ಮಾಡಬೇಕು. ಅದಕ್ಕೆ ಮರಣಪತ್ರ ಬೇಕು, ವಂಶವೃಕ್ಷ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು.

“ವಾರಸುದಾರರು ಎಷ್ಟು ಜನ ಸರ್?”

“ನಾನು, ನಮ್ಮಣ್ಣ.”

“ಅಷ್ಟೇನಾ? ಸುಲಭ ಸರ್. ಅಣ್ಣನ ಹತ್ರ ಒಂದು ಮಾತು ಹೇಳಿ ಸಹಿ ಹಾಕಿಸ್ಕೊಂಡು ಬನ್ನಿ.”

ಆ ಒಂದು ಮಾತು ಇದ್ದಿದ್ದರೆ ಫೋನೇ ಬೇಕಿರಲಿಲ್ಲವೆಂದು ಆ ಹುಡುಗಿಗೆ ಹೇಗೆ ಹೇಳುವುದು?

ಉಳಿದದ್ದು ಎಂಟು ದಿನ. ನಾಡಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತ, “ವಂಶವೃಕ್ಷ ಯಾವ ಜಮೀನಿಗೆ? ಸರ್ವೆ ನಂಬರ್ ಎಷ್ಟು?” ಎಂದ. ನೀಲಕಂಠಸ್ವಾಮಿ ಫೋನ್ ನಂಬರು ಹೇಳಿದ. ಗುಮಾಸ್ತ ಅರ್ಧ ಬರೆದುಕೊಂಡು ನಿಲ್ಲಿಸಿದ. “ಇಷ್ಟುದ್ದದ ಸರ್ವೆ ನಂಬರ್ ನಮ್ಮ ಹೋಬ್ಳೀಲಿ ಇಲ್ಲ ಕಣ್ರೀ.” ಫೋನಿಗೆ ಎಂದು ತಿಳಿದ ಮೇಲೆ ಅವನು ಮೂರು ಜನರನ್ನು ಕರೆದು ಇವನನ್ನು ತೋರಿಸಿದ. ಹುಣಸೂರಿನ ಬಾಂಡ್ ಬರೆಯುವವನು ಒಪ್ಪಿಗೆ ಪತ್ರ ಬರೆದುಕೊಟ್ಟ. ಅವನು ಮೂವತ್ತು ವರ್ಷದಿಂದ ಗದ್ದೆ ತೋಟಗಳಿಗೆ ಬರೆದವನು. ಫೋನಿಗೂ ಅದೇ ನಮೂನೆ ಹಾಕಿದ.

ವಂಶವೃಕ್ಷ ಕೈಗೆ ಬರುವುದರೊಳಗೆ ಸುದ್ದಿ ಸಾಲಿಗ್ರಾಮ ಮುಟ್ಟಿತ್ತು. ವಂಶವೃಕ್ಷ ಮಾಡಿಸುತ್ತಿದ್ದಾನೆ ಎಂದರೆ ಏನರ್ಥ? ಖಾತೆ. ಅಪ್ಪನ ಹೆಸರಿನ ಜಮೀನು. ಫೋನು ಕಿತ್ತದ್ದು ಯಾಕೆ ಎಂಬುದಕ್ಕೆ ನಂಟರಿಗೆಲ್ಲ ಈಗ ಕಾರಣ ಸಿಕ್ಕಿತು. ಅಣ್ಣನ ಜೊತೆಗಿದ್ದ ಕೊನೆಯ ಎಳೆ ಹರಿದುಕೊಂಡು, ಜಮೀನು ಹೊಡೆಯುವುದು. ಸುಳ್ಳು ಸುದ್ದಿಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವಂಥದು ಅಪರೂಪ.

ಹದಿಮೂರನೆಯ ದಿನ ನೀಲಕಂಠಸ್ವಾಮಿಯೂ ನೀಲಾಂಬಿಕೆಯೂ ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಸಾಲಿಗ್ರಾಮಕ್ಕೆ ಹೋದರು. ಬಾಳೆಹಣ್ಣು, ವೀಳ್ಯದೆಲೆ, ಒಂದು ಸೇರು ಬೆಲ್ಲ ತೆಗೆದುಕೊಂಡಿದ್ದರು. ದಾರಿಯಲ್ಲಿ ನೀಲಾಂಬಿಕೆಗೆ ಹೊಳೆದು, ಬೆಲ್ಲವನ್ನು ಬಸ್ಸಿನಲ್ಲೇ ಪಕ್ಕದ ಹೆಂಗಸಿಗೆ ಕೊಟ್ಟುಬಿಟ್ಟಳು.

ಶಿವನಂಜಪ್ಪ ಜಗಲಿಯ ಮೇಲೆ ಕೂತಿದ್ದ. ತಮ್ಮನನ್ನು ಕಂಡು ಮುಖವನ್ನು ಕಂಬದ ಕಡೆಗೆ ತಿರುಗಿಸಿದ. ತಲೆ ಪೂರ್ತಿ ನರೆತಿತ್ತು. ಫೋನಿನಲ್ಲಿ ಹನ್ನೊಂದು ವರ್ಷ ಕೇಳಿದ ದನಿಗೆ ನೀಲಕಂಠಸ್ವಾಮಿ ಹಳೆಯ ಕರಿ ತಲೆಯನ್ನೇ ಇಟ್ಟುಕೊಂಡಿದ್ದ.

ಪುಷ್ಪಾ ನೀರು ತಂದಿಟ್ಟು ಒಪ್ಪಿಗೆ ಪತ್ರವನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದಳು. “‘ಮೃತ ಮಹದೇವಪ್ಪನವರ ಹೆಸರಿನಲ್ಲಿರುವ ಸದರಿ ಸ್ವತ್ತನ್ನು, ಅದರ ನೀರು, ನಿಧಿ, ನಿಕ್ಷೇಪ, ಮರಮಾಲ್ಕಿ ಸಹಿತ, ನನ್ನ ತಮ್ಮನಾದ ನೀಲಕಂಠಸ್ವಾಮಿಯ ಹೆಸರಿಗೆ...’”

“ಯೋಳ್ನಿಲ್ವಾ?” ಎಂದ ಶಿವನಂಜಪ್ಪ ಕಂಬಕ್ಕೆ. “ಫೋನಂತೆ, ಫೋನು! ಫೋನಿಗೆ ಮರಮಾಲ್ಕಿ ಎಲ್ಲಿಂದ ಬಂತು?”

“ಬಾಂಡ್ ಬರೆಯೋನು ಹಂಗ್ ಬರೆದವ್ನೆ ಅಂತ ಯೋಳು ಅತ್ಗೆ” ಎಂದ ನೀಲಕಂಠಸ್ವಾಮಿ, ತುಳಸಿಕಟ್ಟೆಯ ಕಡೆ ನೋಡಿ.

“ಮೊದ್ಲು ಅಣ್ಣನ್ನ ಕಿತ್ತಾಕ್ಬುಟ್ಟು ಆಮೇಲೆ ಸಹಿ ಕೇಳೋರ್ಗೆ ಮಾನ ಅದಾ ಅಂತ ಕೇಳು.”

“ಕಿತ್ತಾಕಕ್ಕೆ ಅಲ್ಲ ಅಂತ ಯೋಳು.”

“ಇನ್ಯಾತಕ್ಕೆ ಅಂತ ಕೇಳು.”

ಪುಷ್ಪಾ ಈ ಕಡೆ ಆ ಕಡೆ ಕುತ್ತಿಗೆ ತಿರುಗಿಸಿ ಸೋತು, ಸೆರಗಿನಿಂದ ಮುಖ ಒರೆಸಿಕೊಂಡಳು. ನೀಲಾಂಬಿಕೆ ಗಂಡನನ್ನು ನೋಡಿದಳು. ಈಗ ಹೇಳದೆ ಗತಿಯಿರಲಿಲ್ಲ.

“ಬಾಡ್ಗೆ ಅರ್ಧ ಇಳಿಸ್ತಾರೆ ಅಂತ. ಬುಟ್ಟೋಯ್ತೀನಿ ಅಂತ ಸುಮ್ನೆ ಎದರಿಸ್ದೆ. ಅವ್ರು ಕೂಗ್ಲಿಲ್ಲ.”

“ಅರ್ಧ ಅಂದ್ರೆ ಎಷ್ಟು?”

“ತಿಂಗ್ಳಿಗೆ ನೂರು ರೂಪಾಯಿ.”

ಶಿವನಂಜಪ್ಪನ ಮುಖದ ಸಿಟ್ಟು ಇಳಿಯಿತು. ನೀಲಕಂಠಸ್ವಾಮಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಸಿಟ್ಟಿನ ಜಾಗಕ್ಕೆ ಬಂದದ್ದನ್ನು ನೋಡಿದ ಮೇಲೆ, ಸಿಟ್ಟೇ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

“ನನ್ ಮ್ಯಾಲಿನ ದ್ವೇಷಕ್ಕೆ ಕೀಳ್ಸಿದ್ರೆ ಬ್ಯಾರೆ” ಎಂದ ಶಿವನಂಜಪ್ಪ, ಯಾರ ಕಡೆಗೂ ನೋಡದೆ. “ಅಂಗಾದ್ರೂ ನಾನು ನೆಪ್ಪಲ್ಲಿದ್ದೆ ಅನ್ಕೋತಿದ್ದೆ. ನೂರ್ ರೂಪಾಯ್ಗೆ ವ್ಯಾಪಾರ ಮಾಡಾವಾಗ ನನ್ ನೆಪ್ಪೇ ಬಂದಿಲ್ಲ.”

ಇದನ್ನು ತಮ್ಮನಿಗೆ ತಿಳಿಸು ಎಂದು ಅವನು ಪುಷ್ಪಾಳಿಗೆ ಹೇಳಲಿಲ್ಲ. ತಿಳಿಸುವ ಅಗತ್ಯವೂ ಇರಲಿಲ್ಲ.

ಆಮೇಲೆ ಪೆನ್ನು ತರಿಸಿಕೊಂಡ. ಮರಮಾಲ್ಕಿ, ನಿಧಿ, ನಿಕ್ಷೇಪ ಎಲ್ಲದರ ಕೆಳಗೆ ಸಹಿ ಹಾಕಿದ. ಹಾಕಿ, ಕಾಗದವನ್ನು ಮಡಿಸಿ ನೀಲಾಂಬಿಕೆಯ ಮುಂದೆ ಇಟ್ಟು ಹೇಳಿದ: “ನಂಬರ್ ಉಳ್ಕೊಳ್ಳಿ ಕಣವ್ವ. ಅಪ್ಪಯ್ಯನ ನಂಬರು, ಕಂಡೋರ ಪಾಲಾಗೋದು ಬ್ಯಾಡ. ಆದ್ರೆ ಈ ಸಹಿ ಬಿದ್ಮೇಲೆ ಅದು ಅಪ್ಪಯ್ಯನ ಫೋನಲ್ಲ. ನಿನ್ ಗಂಡಂದು. ಅದುಕ್ಕೆ ನಾನ್ ಮಾಡಾಂಗಿಲ್ಲ.”

ನೀಲಾಂಬಿಕೆ ಬಾಯಿಗೆ ಸೆರಗು ಹಿಡಿದಳು. ಫೋನು ಉಳಿಸಲು ಬೇಕಾಗಿದ್ದ ಒಂದೇ ಒಂದು ಸಹಿ ಬಿದ್ದಿತ್ತು. ಆ ಸಹಿಯೇ ಸೋಮವಾರದ ಫೋನನ್ನು ನಿಲ್ಲಿಸಿತ್ತು.

ಎರಡೇ ದಿನ ಉಳಿದಿತ್ತು. ಸಂಘಮಿತ್ರ ಕಾಗದಗಳನ್ನು ಅಂದೇ ಮುಗಿಸಿದಳು. ಅದೇ ನಂಬರು, ನೀಲಕಂಠಸ್ವಾಮಿಯ ಹೆಸರು. ಅವನು ಹೊರಡುವಾಗ ಖುಷಿಯಿಂದ ಕೂಗಿದಳು: “ಸರ್, ನೀವೀಗ ಹೊಸ ಗ್ರಾಹಕರು ಅಂತ ಲೆಕ್ಕ. ಹೊಸ ಗ್ರಾಹಕರಿಗೆ ಬಾಡಿಗೆ ಅರ್ಧ. ಕರೆ ಎಲ್ಲಾ ಉಚಿತ!” ಅವನು ಕೈ ಮುಗಿದ. ಊರಿನಲ್ಲಿ ಕುಳ್ಳಯ್ಯ, “ನಾನ್ ಯೋಳ್ನಿಲ್ವಾ, ಅರ್ಧಕ್ಕೆ ಇಳ್ದೇ ಇಳೀತಾರೆ ಅಂತ?” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಸೋಮವಾರ ಬಂತು. ಎಂಟೂವರೆಯಾಯಿತು. ಒಂಬತ್ತಾಯಿತು. ನೀಲಕಂಠಸ್ವಾಮಿ ಎರಡು ಸಲ ರಿಸೀವರ್ ಎತ್ತಿ ನೋಡಿದ. ಲೈನು ಸರಿಯಾಗಿಯೇ ಇತ್ತು. ಅದರ ಮುಂದಿನ ಸೋಮವಾರವೂ ಹಾಗೆಯೇ ಹೋಯಿತು. ಅದರ ಮುಂದಿನದೂ. ಡೇರಿಯಲ್ಲಿ ಅವನು ಯಾರ ಮುಖವನ್ನೂ ನೋಡದೆ ಯಂತ್ರ ತೋರಿಸಿದ್ದನ್ನು ಬರೆದುಕೊಳ್ಳತೊಡಗಿದ.

ನಾಲ್ಕನೆಯ ಸೋಮವಾರ ನೀಲಾಂಬಿಕೆ ಕಾಫಿ ಲೋಟ ತಂದಿಟ್ಟು ನಿಂತಳು.

“ರೀ, ಒಂದ್ ಮಾತು ಕೇಳ್ತೀನಿ. ಆಣೆ ಹಾಕಿದ್ದು ಯಾರು?”

“ಅಣ್ಣ.”

“ನೀವು ಯಾವತ್ ಹಾಕುದ್ರಿ?”

ನೀಲಕಂಠಸ್ವಾಮಿ ಯೋಚಿಸಿದ. ಪಂಕ್ತಿ, ಪಾಯಸ, ಮೇಲೆತ್ತಿದ ಕೈ ಎಲ್ಲ ನೆನಪಾಯಿತು. ತಾನು ಆಣೆಗೆಂದು ಬಾಯಿ ತೆರೆದದ್ದು ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಅವನು ಆಣೆ ಹಾಕಿಯೇ ಇರಲಿಲ್ಲ. ಹನ್ನೊಂದು ವರ್ಷ, ಅಂದರೆ ಐನೂರೆಪ್ಪತ್ತು ಸೋಮವಾರ, ಕೈಚಾಚಿದರೆ ಸಿಗುವ ರಿಸೀವರಿನ ಪಕ್ಕದಲ್ಲಿ ಕೂತು ಪೇಪರಿಗೆ ಉತ್ತರ ಹೇಳಿದ್ದ.

“ಹನ್ನೊಂದ್ ವರ್ಷ ಇದನ್ನ ಯಾಕೆ ಯೋಳ್ನಿ​ಲ್ಲ ನೀನು?”

“ನಿಮ್ಗೆ ಗೊತ್ತದೆ ಅನ್ಕೊಂಡಿದ್ದೆ. ಮನಸ್ಸಿಲ್ಲ ಅನ್ಕೊಂಡಿದ್ದೆ.”

ಅವನು ರಿಸೀವರ್ ಎತ್ತಿ ಅಣ್ಣನ ಮೊಬೈಲಿನ ನಂಬರು ಒತ್ತಿದ. ಒಂದು ಸಲ ತಪ್ಪಿತು. ಎರಡನೆಯ ಸಲ ಆ ಕಡೆ ಎತ್ತಿದರು. “ಹಲೋ” ಎನ್ನಲಿಲ್ಲ. ಎತ್ತಿದ ಸದ್ದು ಮಾತ್ರ.

“ಅಣ್ಣಾ, ನಾನು” ಎಂದ ನೀಲಕಂಠಸ್ವಾಮಿ.

ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟ.

“ನೀನ್ ಮಾತಾಡ್ಬ್ಯಾಡ. ಆಣೆ ಅದೆ, ಗೊತ್ತು. ನಾನ್ ಮಾತಾಡ್ತೀನಿ, ಕೇಳ್ಕೋ.” ಇಷ್ಟು ಹೇಳಿದ ಮೇಲೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹನ್ನೊಂದು ವರ್ಷ ಮಾತನ್ನೆಲ್ಲ ನೀಲಾಂಬಿಕೆಯೇ ಸಾಗಿಸಿದ್ದಳು. “ಮಂಡಿ ವಾಸಿ ಆಗದೆ. ನೀನ್ ಯೋಳ್ದಂಗೆ ಎಳ್ಳೆಣ್ಣೆ ತಿಕ್ದೆ. ಪಾಯ್ಸದ್ದು... ನೀನ್ ಅಂದಿದ್ದು ಸರಿ ಕಣಣ್ಣ. ಬೆಲ್ಲ ಕಮ್ಮಿ ಇತ್ತು. ನಾನೇ ಕಮ್ಮಿ ಹಾಕ್ಸಿದ್ದೆ.”

ಆ ಕಡೆ ಯಾರೋ ಮೂಗು ಎಳೆದಂತಾಯಿತು. ಆಮೇಲೆ ಪುಷ್ಪಾಳ ದನಿ ಬಂತು.

“ಸ್ವಾಮೀ, ನಾನು ಕಣಪ್ಪ. ನಿಮ್ಮಣ್ಣ ಫೋನ್ ಹಿಡ್ಕೊಂಡೇ ತಲೆ ಆಡಿಸ್ತಾವ್ರೆ. ಆಡಿಸುದ್ರೆ ಅಲ್ಲಿಗೆ ಕೇಳ್ಸಲ್ಲ ಅಂತ ಯೋಳ್ದೆ. ಆದ್ರೂ ಆಡಿಸ್ತಾನೇ ಅವ್ರೆ.”

“ಹೂಂ ಅಂತ ಆಡಿಸ್ತಾವ್ನಾ ಅತ್ಗೆ, ಉಹೂಂ ಅಂತ್ಲಾ?”

“ಗೊತ್ತಾಯ್ತಿಲ್ಲ ಕಣಪ್ಪ” ಎಂದಳು ಪುಷ್ಪಾ. “ಟವಲ್ನ ಮುಖುಕ್ಕೆ ಒತ್ಕೊಂಡವ್ರೆ.”